ಮಕ್ಕಳ ಹೊಟ್ಟೆಯ ಜಂತುಹುಳು: ಮನೆಮದ್ದು ಎಷ್ಟು ಸರಿ?

ಕರಾವಳಿಯ ಪಟ್ಟಣಗಳಲ್ಲಿ ಏಳುತ್ತಿರುವ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ವಾಸಿಸುವ ಕಾರ್ಮಿಕರಲ್ಲಿ ಉತ್ತರ ಕರ್ನಾಟಕದವರು ಬಹಳ. ಮಸ್ಕಿ, ಸಿಂಧನೂರು, ಲಿಂಗಸುಗೂರು ಎಂಬ ಹೆಸರುಗಳು ನಮ್ಮ ಧರ್ಮಕೇಂದ್ರಗಳ ಸೇವಾ ಸಮಿತಿಗಳಿಗೆ ಈಗ ಹೊಸತಲ್ಲ. ಈ ಕುಟುಂಬಗಳನ್ನು ಭೇಟಿ ಮಾಡುವ ಧರ್ಮಭಗಿನಿಯರೂ ಕಾರ್ಯಕರ್ತರೂ ನಮ್ಮ ಮುಂದೆ ಮತ್ತೆ ಮತ್ತೆ ಇಡುವ ಪ್ರಶ್ನೆ ಒಂದಿದೆ. ಮಗುವಿಗೆ ಹುಳದ ಮಾತ್ರೆ ಕೊಡಿಸೋಣ ಎಂದರೆ ತಾಯಂದಿರು, "ಔಡಲ ಎಣ್ಣಿ ಕುಡಿಸೀವ್ರೀ, ಮತ್ತ ಗುಳಿಗಿ ಯಾಕ?" ಎನ್ನುತ್ತಾರೆ. ಆಗ ಏನು ಹೇಳಬೇಕು? ಮನೆಮದ್ದನ್ನು ಮೂಢನಂಬಿಕೆ ಎಂದು ತಳ್ಳಿಬಿಡುವುದೇ, ಅಥವಾ ಅವರ ಪಾಡಿಗೆ ಬಿಡುವುದೇ?

ಪ್ರಶ್ನೆ ಅವರದ್ದು ಮಾತ್ರವಲ್ಲ. ಔಡಲ ಎಣ್ಣೆಯನ್ನು ಹರಳೆಣ್ಣೆ ಎಂದು ಕರೆದು ನಮ್ಮ ಅಜ್ಜಿಯಂದಿರೂ ಮೊಮ್ಮಕ್ಕಳ ಮೂಗು ಹಿಡಿದು ಕುಡಿಸಿದ್ದಾರೆ. ಆದ್ದರಿಂದ ಉತ್ತರ ಎಲ್ಲರಿಗೂ ಬೇಕು.

ಹುಳ ಬರುವುದು ಎಲ್ಲಿಂದ?

ಬೆಲ್ಲ, ಸಿಹಿತಿಂಡಿ ಹೆಚ್ಚು ತಿಂದರೆ ಹೊಟ್ಟೆಯಲ್ಲಿ ಹುಳ ಹುಟ್ಟುತ್ತದೆ ಎಂಬ ಮಾತು ಮಸ್ಕಿಯಲ್ಲೂ ಇದೆ, ಮಂಗಳೂರಿನಲ್ಲೂ ಇದೆ. ಅದು ನಿಜವಲ್ಲ. ರಾತ್ರಿ ಹಲ್ಲು ಕಡಿಯುವುದು ಹುಳದ ಗುರುತು ಎಂಬುದಕ್ಕೂ ಆಧಾರವಿಲ್ಲ. ಹುಳ ಬರುವುದು ಮನುಷ್ಯರ ಮಲ ಬೆರೆತ ಮಣ್ಣಿನಿಂದ. ದುಂಡುಹುಳುವಿನ ಒಂದು ಹೆಣ್ಣು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆಗಳನ್ನು ಇಡಬಲ್ಲದು. ಅವು ಮಲದೊಂದಿಗೆ ಹೊರಬಂದು, ತೇವವಾದ ಮಣ್ಣಿನಲ್ಲಿ ಎರಡು ಮೂರು ವಾರ ಬಲಿತು, ಮಣ್ಣಾದ ಕೈಯಿಂದಲೋ ತೊಳೆಯದ ಸೊಪ್ಪಿನಿಂದಲೋ ಇನ್ನೊಂದು ಮಗುವಿನ ಬಾಯಿ ಸೇರುತ್ತವೆ. ಚಾಟಿಹುಳುವಿನ ದಾರಿಯೂ ಬಹುಮಟ್ಟಿಗೆ ಇದೇ. ಕೊಕ್ಕೆಹುಳುವಿಗೆ ಬಾಯಿಯ ದಾರಿ ಬೇಕಾಗಿಲ್ಲ, ಅದರ ಮರಿ ಬರಿಗಾಲಿನ ಚರ್ಮವನ್ನೇ ತೂರಿ ಒಳಹೋಗುತ್ತದೆ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ.

ಇಲ್ಲಿ ಮಸ್ಕಿಯ ನೆಲವನ್ನು ಸ್ವಲ್ಪ ತಿಳಿಯಬೇಕು. ಚರಿತ್ರೆ ಓದಿದವರಿಗೆ ಮಸ್ಕಿ ಎಂದರೆ 1915ರಲ್ಲಿ ಪತ್ತೆಯಾದ, ಅಶೋಕನ ಹೆಸರನ್ನೇ ಹೇಳುವ ಶಾಸನ. ಈಗ ಅದೊಂದು ತಾಲೂಕು ಕೇಂದ್ರ. ರಾಯಚೂರು ಜಿಲ್ಲೆಯ ಸುಡು ಬಿಸಿಲಿನ ಒಣ ಮಣ್ಣಿನಲ್ಲಿ ಹುಳದ ಮೊಟ್ಟೆ, ಮರಿಗಳು ಹೆಚ್ಚು ಬಾಳಲಾರವು. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಕಡೆ ಭತ್ತದ ಗದ್ದೆಗಳಿವೆ, ನೆರಳೂ ಕೆಸರೂ ಇರುವ ಕಾಲುವೆ ದಂಡೆಗಳಿವೆ. ಬಯಲಿಗೆ ಹೋಗುವುದು ಅಲ್ಲಿಗೇ, ನಾಟಿಗೆ ಬರಿಗಾಲಲ್ಲಿ ಇಳಿಯುವುದೂ ಅಲ್ಲಿಗೇ, ತಾಯಿ ಕೆಲಸ ಮುಗಿಸುವ ತನಕ ಕೂಸು ಆಡುವುದೂ ಅಲ್ಲೇ. ಅದೇ ಮಗು ಕರಾವಳಿಗೆ ಬಂದರೆ ತಿಂಗಳುಗಟ್ಟಲೆ ಮಳೆಯಲ್ಲಿ ನೆನೆದ ನೆಲ. ಕೊಕ್ಕೆಹುಳುವಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಶೆಡ್ಡಿನ ಬಳಿ ಶೌಚಾಲಯವೂ ಇಲ್ಲದಿದ್ದರೆ ಕೇಳುವುದೇ ಬೇಡ.

ಇದರಿಂದಾಗುವ ನಷ್ಟ ಕಣ್ಣಿಗೆ ಬೀಳದಂಥದ್ದು. ಮಗು ಅಳುವುದಿಲ್ಲ, ಜ್ವರವಿಲ್ಲ. ಸುಮ್ಮನೆ ಬಿಳಿಚಿಕೊಳ್ಳುತ್ತದೆ, ಊಟ ಸೇರುವುದಿಲ್ಲ, ತರಗತಿಯಲ್ಲಿ ತೂಕಡಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇದೆ. ಎಲ್ಲವೂ ಹುಳದಿಂದಲ್ಲ, ಊಟದ ಕೊರತೆಯೇ ದೊಡ್ಡ ಕಾರಣ. ಆದರೆ ಮೊದಲೇ ರಕ್ತ ಕಡಿಮೆ ಇರುವ ಮಗುವಿನ ಪಾಲಿನದನ್ನು ಹುಳವೂ ಹಂಚಿಕೊಂಡರೆ ಉಳಿಯುವುದೆಷ್ಟು?

ಮನೆಮದ್ದಿನಲ್ಲಿ ಹುರುಳಿದೆಯೇ?

ಕೆಲವದರಲ್ಲಿ ಇದೆ. ಇದನ್ನು ಪ್ರಾಮಾಣಿಕವಾಗಿ ಹೇಳಬೇಕು, ಇಲ್ಲವಾದರೆ ತಾಯಂದಿರು ನಮ್ಮ ಮುಂದಿನ ಮಾತು ಕೇಳುವುದಿಲ್ಲ.

ಪಪ್ಪಾಯಿ ಬೀಜವನ್ನು ತೆಗೆದುಕೊಳ್ಳಿ. ನೈಜೀರಿಯಾದಲ್ಲಿ ಹೊಟ್ಟೆಯಲ್ಲಿ ಪರಾವಲಂಬಿಗಳಿದ್ದ 60 ಮಕ್ಕಳ ಮೇಲೆ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಣಗಿಸಿದ ಪಪ್ಪಾಯಿ ಬೀಜವನ್ನು ಜೇನಿನಲ್ಲಿ ಬೆರೆಸಿ ಕೊಟ್ಟ 30 ಮಕ್ಕಳಲ್ಲಿ 23 ಮಕ್ಕಳ ಮಲ ಶುದ್ಧವಾಯಿತು. ಬರೀ ಜೇನು ಪಡೆದ 30ರಲ್ಲಿ ಹಾಗಾದದ್ದು ಐವರಿಗೆ. ಫಲಿತಾಂಶ ಚೆನ್ನಾಗಿದೆ. ಆದರೆ 60 ಮಕ್ಕಳ ಒಂದು ಅಧ್ಯಯನದಿಂದ ಎರಡು ವರ್ಷದ ಮಗುವಿಗೆ ಎಷ್ಟು ಬೀಜ, ಎಷ್ಟು ದಿನ ಎಂದು ಹೇಳಲಾಗದು. ನಾವಂತೂ ಹೇಳುವುದಿಲ್ಲ. ಇನ್ನು, ಒಂದು ವರ್ಷ ತುಂಬದ ಕೂಸಿಗೆ ಜೇನನ್ನೇ ನೆಕ್ಕಿಸಬಾರದು. ಅದರಲ್ಲಿ ಅಪರೂಪಕ್ಕೆ ಇರುವ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುತ್ತದೆ.

ಬೆಳ್ಳುಳ್ಳಿ, ಓಮ, ಕುಂಬಳ ಬೀಜ, ಹಾಗಲಕಾಯಿ ಇವೆಲ್ಲ ಅಡುಗೆಯ ಪ್ರಮಾಣದಲ್ಲಿ ಊಟದ ಜೊತೆ ಇದ್ದರೆ ಕೆಡುಕಿಲ್ಲ. ಯುಗಾದಿಗೆ ನಾಲ್ಕು ಬೇವಿನ ಎಸಳು ಬೆಲ್ಲದೊಂದಿಗೆ ತಿಂದರೂ ಏನಾಗುವುದಿಲ್ಲ, ಹುಳವೂ ಸಾಯುವುದಿಲ್ಲ. ಆಯುರ್ವೇದದಲ್ಲಿ ವಾಯುವಿಳಂಗ ಮತ್ತು ಮುತ್ತುಗದ ಬೀಜಕ್ಕೆ ಕ್ರಿಮಿನಾಶಕ ಎಂಬ ಹೆಸರಿದೆ. ಅವನ್ನು ಕಲಿತ ವೈದ್ಯರು ಮಗುವಿನ ವಯಸ್ಸು, ತೂಕ ನೋಡಿ ಕೊಡುವುದು ಬೇರೆ, ಸಂತೆಯಲ್ಲಿ ಪೊಟ್ಟಣ ಕೊಂಡು ಅಂದಾಜಿನಲ್ಲಿ ಕುಡಿಸುವುದು ಬೇರೆ.

ಬೇವಿನ ಎಣ್ಣೆಯ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಎಲೆಯಂತೆ ಎಣ್ಣೆಯೂ ಒಳ್ಳೆಯದೇ ಇರಬೇಕು ಎಂದುಕೊಂಡು ಚಮಚದಲ್ಲಿ ಕುಡಿಸುವವರಿದ್ದಾರೆ. ಹೀಗೆ ಬೇವಿನ ಎಣ್ಣೆ ಕುಡಿದ ಎಳೆಗೂಸುಗಳಲ್ಲಿ ವಾಂತಿ, ಮಂಪರು, ಏದುಸಿರು, ಫಿಟ್ಸ್ ಕಾಣಿಸಿಕೊಂಡು ಮಿದುಳಿಗೆ ಪೆಟ್ಟು ಬಿದ್ದುದನ್ನು ಮಲೇಷ್ಯಾದ ವೈದ್ಯರು 1981ರಲ್ಲೇ ವರದಿ ಮಾಡಿದ್ದಾರೆ. ಒಂದು ಚಮಚವನ್ನೂ ಮಗುವಿನ ಬಾಯಿಗೆ ಹಾಕಬಾರದು. ದಾಳಿಂಬೆಯ ಬೇರಿನ ತೊಗಟೆಯ ಕಷಾಯವೂ ಹಾಗೆಯೇ. ಅದರಲ್ಲಿ ಹುಳ ಬೀಳಿಸುವ ಅಂಶವಿದೆ, ಅದೇ ಅಂಶ ಹೆಚ್ಚಾದರೆ ವಿಷ.

ಗಿಡದ್ದು ಎಂದ ಮಾತ್ರಕ್ಕೆ ಸೌಮ್ಯ ಎಂದು ತಿಳಿಯಬೇಡಿ. ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಬಡವರಿಗಾಗಿ ಔಷಧಾಲಯ ತೆರೆದ ಕಾಲದಲ್ಲಿ ಜಗತ್ತಿನಾದ್ಯಂತ ವೈದ್ಯರು ದುಂಡುಹುಳುವಿಗೆ ಕೊಡುತ್ತಿದ್ದುದು ಸಾಂಟೋನಿನ್. ಅದು ಒಂದು ಗಿಡದ ಹೂಮೊಗ್ಗಿನಿಂದಲೇ ತೆಗೆದದ್ದು. ಹುಳವನ್ನೂ ಬೀಳಿಸುತ್ತಿತ್ತು, ಪ್ರಮಾಣ ತಪ್ಪಿದರೆ ಮಗುವಿಗೆ ಎಲ್ಲವೂ ಹಳದಿಯಾಗಿ ಕಾಣುತ್ತಿತ್ತು, ಸೆಳವೂ ಬರುತ್ತಿತ್ತು. ಸುರಕ್ಷಿತ ಮಾತ್ರೆಗಳು ಬಂದ ಮೇಲೆ ಅದು ಮೂಲೆಗೆ ಸರಿಯಿತು.

ಈಗ ಔಡಲ ಎಣ್ಣೆಗೆ ಬರೋಣ. ಅದು ಭೇದಿ ಮಾಡಿಸುತ್ತದೆ, ಹುಳ ಕೊಲ್ಲುವುದಿಲ್ಲ. ಭೇದಿಯೊಂದಿಗೆ ಒಂದೆರಡು ಹುಳ ಹೊರಬಿದ್ದರೆ ಮನೆಯವರಿಗೆ ಸಮಾಧಾನ, ಉಳಿದವು ಒಳಗೇ ಇರುತ್ತವೆ. ಮೊದಲೇ ಸೊರಗಿದ ಮಗುವಿನ ಮೈನೀರು ಇಳಿಯುತ್ತದೆ. ದುಂಡುಹುಳುಗಳು ಉಂಡೆಗಟ್ಟಿ ಕರುಳಿಗೆ ಅಡ್ಡ ಕೂತಿದ್ದರೆ ಭೇದಿಯ ಎಣ್ಣೆ ಪ್ರಾಣಕ್ಕೇ ಅಪಾಯ. ಹೊಟ್ಟೆ ಉಬ್ಬಿ ಗಟ್ಟಿಯಾಗಿ, ವಾಂತಿ ಶುರುವಾಗಿ, ಮಲ ನಿಂತಿದ್ದರೆ ಯಾವ ಮದ್ದೂ ಬೇಡ, ನೇರ ಆಸ್ಪತ್ರೆಗೆ. ಉಬ್ಬಿದ ಹೊಟ್ಟೆಯ ಮೇಲೆ ಬರೆ ಹಾಕಿಸುವ ಪದ್ಧತಿ ಎಲ್ಲಿ ಕಂಡರೂ ಕಾರ್ಯಕರ್ತರು ಸುಮ್ಮನಿರಬಾರದು.

ಮಾತ್ರೆ

2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಅಂಗವಾಗಿ ಫೆಬ್ರವರಿ ಮತ್ತು ಆಗಸ್ಟ್ 10ರ ಸುಮಾರಿಗೆ ಅಂಗನವಾಡಿ, ಶಾಲೆಗಳಲ್ಲಿ ಅಲ್ಬೆಂಡಜೋಲ್ ಮಾತ್ರೆಯನ್ನು ಉಚಿತವಾಗಿ ಕೊಡುತ್ತಾರೆ. ಒಂದರಿಂದ ಎರಡು ವರ್ಷದ ಮಗುವಿಗೆ ಅರ್ಧ ಮಾತ್ರೆ, ಅಂದರೆ 200 ಮಿಲಿಗ್ರಾಂ. ಎರಡರಿಂದ 19 ವರ್ಷದವರಿಗೆ 400 ಮಿಲಿಗ್ರಾಂನ ಒಂದು ಇಡೀ ಮಾತ್ರೆ. ವರ್ಷ ತುಂಬದ ಕೂಸಿಗೆ ಇಲ್ಲ. ಚಿಕ್ಕವರಿಗೆ ಎರಡು ಚಮಚಗಳ ನಡುವೆ ಪುಡಿ ಮಾಡಿ ನೀರಿನಲ್ಲಿ ಕೊಡಬೇಕು, ದೊಡ್ಡವರು ಅಗಿದು ನುಂಗಬೇಕು. ಇಡಿಯಾಗಿ ಬಾಯಿಗೆ ಹಾಕಿ ಕುತ್ತಿಗೆಗೆ ಸಿಕ್ಕಿಸಬಾರದು. ಆ ದಿನ ಜ್ವರವೋ ಬೇರೆ ಕಾಯಿಲೆಯೋ ಇದ್ದ ಮಗುವಿಗೆ ಗುಣವಾದ ಮೇಲೆ ಕೊಡುತ್ತಾರೆ.

ತಾಯಂದಿರ ಹೆದರಿಕೆಗೂ ಕಾರಣವಿದೆ. ಹುಳ ಹೆಚ್ಚಿದ್ದ ಮಗುವಿಗೆ ಮಾತ್ರೆಯ ನಂತರ ಹೊಟ್ಟೆನೋವು, ವಾಕರಿಕೆ ಆಗಬಹುದು, ಮಲದಲ್ಲಿ ಹುಳ ಕಾಣಬಹುದು. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಮೊದಲೇ ಹೇಳಿಟ್ಟರೆ ಗಾಬರಿ ಇಲ್ಲ. ಹೇಳದಿದ್ದರೆ "ಗುಳಿಗಿ ಕೂಸಿಗೆ ಬಿದ್ದು ಬಂತು" ಎಂಬ ಮಾತು ಇಡೀ ಶೆಡ್ಡಿಗೆ ಹಬ್ಬುತ್ತದೆ. ಮಾತ್ರೆಗೂ ಮಿತಿ ಇದೆ. ಒಂದೇ ಬಾರಿಗೆ ಚಾಟಿಹುಳು ಪೂರ್ತಿ ಹೋಗುವುದಿಲ್ಲ. ಆಮಶಂಕೆಗೆ ಇದು ಮದ್ದಲ್ಲ. ರಾತ್ರಿ ಗುದದ್ವಾರದಲ್ಲಿ ತುರಿಕೆ ತರುವ ದಾರದಂಥ ಬಿಳಿ ಹುಳುವಿಗೆ ವೈದ್ಯರನ್ನು ಕೇಳಿ ಮನೆಮಂದಿಯೆಲ್ಲ ಒಟ್ಟಿಗೆ ತೆಗೆದುಕೊಂಡು, ಎರಡು ವಾರ ಬಿಟ್ಟು ಮತ್ತೊಮ್ಮೆ ತೆಗೆದುಕೊಳ್ಳಬೇಕು.

ಮತ್ತೆ ಅದೇ ಮಣ್ಣಿಗೆ ಬರಿಗಾಲಿಟ್ಟರೆ ಮತ್ತೆ ಹುಳ. ಆರು ತಿಂಗಳಿಗೊಮ್ಮೆ ಕೊಡುವುದು ಅದಕ್ಕೇ. ನಾರುಹುಣ್ಣು ನೆನಪಿದೆಯೇ? ಉತ್ತರ ಕರ್ನಾಟಕದ ಹಿರಿಯರಿಗೆ ಅದು ಗೊತ್ತು, ಕಾಲಿನಿಂದ ಮೊಳದುದ್ದದ ಹುಳು ಹೊರಬರುತ್ತಿದ್ದ ಕಾಯಿಲೆ. ಅದಕ್ಕೆ ಲಸಿಕೆ ಇರಲಿಲ್ಲ, ಮದ್ದೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ, ಮೆಟ್ಟಿಲುಬಾವಿಗಳ ಬದಲು ಕೊಳವೆಬಾವಿ ಮಾಡಿ ಅದನ್ನು ಓಡಿಸಿದರು. 1996ರ ನಂತರ ದೇಶದಲ್ಲಿ ಒಂದು ಪ್ರಕರಣವೂ ಇಲ್ಲ. ಕರುಳಿನ ಹುಳುವಿಗೆ ಅಂಥ ಸೋಸುಬಟ್ಟೆ ಎಂದರೆ ಶೌಚಾಲಯ, ಚಪ್ಪಲಿ, ಸಾಬೂನು.

ಎರಡೂ ಕಡೆ ತಪ್ಪುವ ಮಕ್ಕಳು

ನಮ್ಮನ್ನು ಹೆಚ್ಚು ಕಾಡುವ ವಿಷಯ ಇದು. ಫೆಬ್ರವರಿಯಲ್ಲಿ ಮಸ್ಕಿಯ ಅಂಗನವಾಡಿ ಪಟ್ಟಿಯಲ್ಲಿ ಹೆಸರಿರುವ ಮಗು ಕರಾವಳಿಯ ಶೆಡ್ಡಿನಲ್ಲಿರುತ್ತದೆ. ಇಲ್ಲಿನ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಆಗಸ್ಟಿನಲ್ಲಿ ಬಿತ್ತನೆಗೆಂದು ಊರಿಗೆ ಹೋಗಿದ್ದರೆ ಇಲ್ಲಿಯದೂ ತಪ್ಪಿತು, ತಡವಾಗಿ ತಲುಪಿದ್ದರೆ ಅಲ್ಲಿಯದೂ ತಪ್ಪಿತು. ಹೀಗೆ ಎರಡು ಮೂರು ವರ್ಷ ಒಂದು ಮಾತ್ರೆಯನ್ನೂ ಕಾಣದೆ ಬೆಳೆಯುವ ಮಕ್ಕಳಿರಬಹುದು. ಅವರ ಪಾಲಿಗೆ ಇರುವುದು ಔಡಲ ಎಣ್ಣೆಯೊಂದೇ. ತಾಯಿಯನ್ನು ದೂರಿ ಫಲವೇನು?

ನಿಯಮ ಅವರ ಪರವಾಗಿಯೇ ಇದೆ. ಹೆಸರು ನೋಂದಾಯಿಸದ ಮಕ್ಕಳಿಗೂ, ಶಾಲೆ ಬಿಟ್ಟ ಮಕ್ಕಳಿಗೂ ಹತ್ತಿರದ ಅಂಗನವಾಡಿಯಲ್ಲಿ ಮಾತ್ರೆ ಕೊಡಬೇಕು. ತಪ್ಪಿಹೋದವರಿಗೆಂದು ವಾರದ ನಂತರ ಇನ್ನೊಂದು ದಿನವೂ ಇರುತ್ತದೆ. ಇದು ಶೆಡ್ಡಿನವರಿಗೆ ಗೊತ್ತಿಲ್ಲ, ಕೆಲವೊಮ್ಮೆ ಕೇಳಲು ಸಂಕೋಚ. ಆದ್ದರಿಂದ ವಾಳೆಯ ಗುರಿಕಾರರು, ಸ್ತ್ರೀ ಸಂಘಟನೆಯವರು, ಯುವಜನರು ಜುಲೈ ಮತ್ತು ಜನವರಿ ಕೊನೆಯಲ್ಲಿ ತಮ್ಮ ವಾಳೆಯ ವ್ಯಾಪ್ತಿಯ ಕಟ್ಟಡ ಕೆಲಸದ ಜಾಗಗಳಲ್ಲಿ ಎಷ್ಟು ಮಕ್ಕಳಿದ್ದಾರೆಂದು ಎಣಿಸಿ, ಅಂಗನವಾಡಿ ಕಾರ್ಯಕರ್ತೆಗೂ ಆಶಾ ಕಾರ್ಯಕರ್ತೆಗೂ ಮೊದಲೇ ತಿಳಿಸಲಿ. ಮಾತ್ರೆಯನ್ನು ನೀವೇ ತಂದು ಹಂಚಬೇಡಿ, ಮಕ್ಕಳನ್ನು ಅವರ ಬಳಿಗೆ ಕರೆದೊಯ್ಯಿರಿ. ಕೊಟ್ಟ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡರೆ ಊರಿಗೆ ಹೋದಾಗಲೂ ಲೆಕ್ಕ ಸಿಗುತ್ತದೆ.

ಬಳ್ಳಾರಿ ಧರ್ಮಪ್ರಾಂತ್ಯದಲ್ಲಿ, ಮಸ್ಕಿ ಮುದಗಲ್ ಕಡೆ ಸೇವೆಯಲ್ಲಿರುವ ನಮ್ಮ ಕರಾವಳಿಯ ಧರ್ಮಗುರುಗಳೂ ಧರ್ಮಭಗಿನಿಯರೂ ಈ ಪುಟವನ್ನು ಓದುತ್ತಿದ್ದರೆ ಅವರಲ್ಲಿ ಒಂದು ವಿನಂತಿ. ಕೆಲಸಕ್ಕೆಂದು ಇತ್ತ ಹೊರಟ ಕುಟುಂಬದಲ್ಲಿ ಚಿಕ್ಕ ಮಕ್ಕಳಿದ್ದರೆ, ತಾಯಿ ಕಾರ್ಡನ್ನು ಗಂಟಿನಲ್ಲಿ ಕಟ್ಟಿಕೊಂಡು ಬರಲು ಹೇಳಿ ಕಳುಹಿಸಿ.