ಡಬ್ಬದ ಮೇಲೆ 1000 ಲ್ಯುಮೆನ್, ರಸ್ತೆಯಲ್ಲಿ ಎಷ್ಟು? ಮಲೆನಾಡಿಗೆ ಎಂಥ ಸೈಕಲ್ ಲೈಟ್ ಬೇಕು

ಚಿಕ್ಕಮಗಳೂರು: ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಮುಳುಗೋದು ಸಂಜೆ ಆರರ ಆಸುಪಾಸಿಗೆ. ಆದರೆ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳಿರುವ ಎಸ್ಟೇಟ್ ರಸ್ತೆಗೆ ಕತ್ತಲು ಅದಕ್ಕಿಂತ ಮೊದಲೇ ಬಂದಿರುತ್ತದೆ. ಮಳೆಗಾಲದಲ್ಲಿ ಮಂಜು ಇಳಿದರೆ ಮಧ್ಯಾಹ್ನವೇ ಜೀಪುಗಳು ಲೈಟ್ ಹಾಕಿಕೊಂಡು ಬರ್ತವೆ. ಇದೇ ರಸ್ತೆಯಲ್ಲಿ ನಸುಕಿಗೆ ಪೇಪರ್ ಹಾಕುವವರು, ಡೇರಿಗೆ ಹಾಲು ತರುವವರು, ಸಂಜೆ ಟ್ಯೂಷನ್ ಮುಗಿಸಿ ಮನೆಗೆ ಹೋಗುವ ಮಕ್ಕಳು ಸೈಕಲ್ ತುಳಿತಾರೆ. ಭಾನುವಾರ ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಹತ್ತುವ ಗೇರ್ ಸೈಕಲ್‌ನವರು ಬೇರೆ.

ಇವರಿಗೆಲ್ಲ ಈಗ ಸುಲಭವಾಗಿ ಸಿಗೋದು ಮೊಬೈಲ್ ಚಾರ್ಜರ್‌ನಲ್ಲೇ ಚಾರ್ಜ್ ಆಗುವ ಎಲ್‌ಇಡಿ ಲೈಟ್. ಮುನ್ನೂರು ರೂಪಾಯಿಗೂ ಇದೆ, ಮೂರು ಸಾವಿರಕ್ಕೂ ಇದೆ. ಎರಡರ ಡಬ್ಬದ ಮೇಲೂ 1000 ಲ್ಯುಮೆನ್ ಅಂತ ಬರೆದಿದ್ದರೆ ಜನ ಮುನ್ನೂರರದ್ದನ್ನೇ ತಗೊಳ್ಳೋದು ಸಹಜ. ಎಡವಟ್ಟಾಗೋದು ಅಲ್ಲೇ.

ಹಳೇ ಡೈನಮೋ ಕಾಲದಲ್ಲಿ ಈ ಗೊಂದಲ ಇರಲಿಲ್ಲ. ಟೈರಿಗೆ ಉಜ್ಜಿಕೊಂಡು ತಿರುಗುವ ಆ ಬಾಟಲಿ ಡೈನಮೋ ಕೊಡ್ತಿದ್ದದ್ದು 6 ವೋಲ್ಟ್, 3 ವ್ಯಾಟ್, ಅಷ್ಟೆ. ಏರು ಬಂದು ಸೈಕಲ್ ನಿಧಾನವಾದರೆ ಬಲ್ಬ್ ಮಂಕು, ನಿಂತರೆ ಕತ್ತಲೆ, ಮಳೆಯಲ್ಲಿ ಟೈರ್ ಜಾರಿದರೆ ಅದೂ ಇಲ್ಲ. ಘಟ್ಟದ ಊರಿಗೆ ಹೇಳಿಸಿದ್ದೇ ಅಲ್ಲ. ಆ ಲೆಕ್ಕದಲ್ಲಿ ಬ್ಯಾಟರಿ ಲೈಟ್ ದೊಡ್ಡ ಉಪಕಾರ.

ಡಬ್ಬದ ಲೆಕ್ಕ ತಾಳೆ ಆಗತ್ತಾ?

ಲ್ಯುಮೆನ್ ಅಂದ್ರೆ ಲೈಟಿನಿಂದ ಹೊರಗೆ ಬರುವ ಒಟ್ಟು ಬೆಳಕು. ಅದು ಪುಕ್ಕಟೆ ಬರಲ್ಲ, ಬ್ಯಾಟರಿಯಿಂದಲೇ ಬರಬೇಕು. ಇಂಥ ಲೈಟುಗಳಲ್ಲಿ ಒಂದು ವ್ಯಾಟ್‌ಗೆ ಸುಮಾರು 100 ಲ್ಯುಮೆನ್ ಅಂತ ಹಿಡಿಯಬಹುದು. ಅಂದ್ರೆ 1000 ಲ್ಯುಮೆನ್‌ಗೆ 10 ವ್ಯಾಟ್ ಬೇಕು. ಡಬ್ಬದ ಹಿಂದೆ ಬ್ಯಾಟರಿ 1200 ಎಂಎಎಚ್ ಅಂತಿದ್ದರೆ, ಅದನ್ನು 3.7 ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿ: 4.4 ವ್ಯಾಟ್-ಅವರ್ ಬರತ್ತೆ. ಹತ್ತು ವ್ಯಾಟ್ ಎಳೆದರೆ ಅರ್ಧ ಗಂಟೆಯೂ ನಿಲ್ಲಲ್ಲ. ಅದೇ ಡಬ್ಬದಲ್ಲಿ 'ಎಂಟು ಗಂಟೆ' ಅಂತ ಬರೆದಿದ್ದರೆ ಅದು ಅತಿ ಕಡಿಮೆ ಬೆಳಕಿನದೋ, ಮಿಣುಕುವ ಮೋಡ್‌ನದೋ ಲೆಕ್ಕ. ಇಲ್ಲಾಂದ್ರೆ ಸುಳ್ಳು.

ಒಳಗೆ 18650 ಅನ್ನುವ ಸೆಲ್ ಇದ್ದರೆ ಇನ್ನೂ ಸುಲಭ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಈ ಒಂದು ಸೆಲ್‌ನಲ್ಲಿ ಸಾಮಾನ್ಯವಾಗಿ 2000ದಿಂದ 3500 ಎಂಎಎಚ್ ಹಿಡಿಯತ್ತೆ. ಅದರ ಮೇಲೆ 9900 ಅಂತ ಅಚ್ಚಾಗಿದ್ದರೆ ಆ ಲೈಟಿನ ಬೇರೆ ಯಾವ ಅಂಕಿಯನ್ನೂ ನಂಬಬೇಕಾಗಿಲ್ಲ.

ಹಾಗಾದ್ರೆ ಎಷ್ಟು ಬೆಳಕು ಸಾಕು? ಅದು ವೇಗದ ಮೇಲೆ ಹೋಗತ್ತೆ. ಮೂಡಿಗೆರೆ ಪೇಟೆಯಲ್ಲಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವವರು ಹತ್ತು ಮೀಟರ್ ಒಳಗೆ ನಿಲ್ಲಬಹುದು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಜಾರಿನಲ್ಲಿ 35ರಲ್ಲಿ ಹೋದರೆ, ಗುಂಡಿ ಕಂಡು ಬ್ರೇಕ್ ಹಿಡಿಯುವುದರೊಳಗೇ ಸೈಕಲ್ ಹದಿನಾಲ್ಕು ಮೀಟರ್ ಮುಂದೆ ಹೋಗಿರತ್ತೆ. ಒದ್ದೆ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಮೂವತ್ತು ಮೀಟರ್ ಬೇಕು. ಅಷ್ಟು ದೂರ ಕಾಣದ ಲೈಟ್ ಇದ್ದರೆ ಅಷ್ಟು ವೇಗ ಹೋಗಬಾರದು. 300ರಿಂದ 400 ನಿಜವಾದ ಲ್ಯುಮೆನ್ ಇರುವ, ಬೆಳಕನ್ನು ಚೆದುರಿಸದೆ ರಸ್ತೆ ಮೇಲೆ ಹಾಕುವ ಲೈಟ್ ನಮ್ಮ ರಸ್ತೆಗಳಿಗೆ ಧಾರಾಳ. 2600 ಎಂಎಎಚ್ ಸೆಲ್‌ನಲ್ಲಿ ಅದು ಎರಡು ಗಂಟೆ ಮೇಲೆ ಉರಿಯತ್ತೆ.

ಮಂಜಲ್ಲಿ ಜಾಸ್ತಿ ಬೆಳಕೇ ತೊಂದರೆ

ಮಂಜಿನ ಹನಿಗಳು ಬೆಳಕನ್ನು ಕಣ್ಣಿಗೇ ವಾಪಸ್ ಎಸೀತವೆ. ಫುಲ್ ಹಾಕಿದಷ್ಟೂ ಎದುರಿಗೆ ಬಿಳಿ ಗೋಡೆ. ಹಾಗಾಗಿ ಮಂಜಿದ್ದಾಗ ಲೈಟನ್ನು ಕಡಿಮೆ ಮೋಡ್‌ಗೆ ತಂದು, ಮೂತಿ ಕೆಳಗೆ ಮಾಡಿ, ಮುಂದಿನ ಚಕ್ರದಿಂದ ಐದಾರು ಮೀಟರ್ ದೂರಕ್ಕೆ ಬೆಳಕು ಬೀಳುವಂತೆ ಇಡಬೇಕು. ಹೆಲ್ಮೆಟ್ ಮೇಲೆ ಕಟ್ಟುವ ಲೈಟ್ ಮಂಜಿಗೆ ಕೆಲಸಕ್ಕೆ ಬಾರದು, ಅದರ ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಡತ್ತೆ. ಹಳದಿ ಬೆಳಕು ಮಂಜನ್ನು ಸೀಳತ್ತೆ ಅನ್ನೋದು ಹಳೇ ನಂಬಿಕೆ. ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡವು, ಬಣ್ಣ ಬದಲಾದರೆ ಅವಕ್ಕೆ ವ್ಯತ್ಯಾಸವಿಲ್ಲ.

ಇನ್ನು ಮಳೆ. ಡಬ್ಬದಲ್ಲಿ ಐಪಿಎಕ್ಸ್4 ಅಂತಿದ್ದರೆ ಎರಚಲು ತಡೆಯತ್ತೆ, ಎಕ್ಸ್6 ಇದ್ದರೆ ಜೋರಾಗಿ ನೀರು ಬಡಿದರೂ ತಡೆಯತ್ತೆ. ಕಳಸ–ಹೊರನಾಡು ಕಡೆಯ ಜುಲೈ ಮಳೆಗೆ ಎರಡನೆಯದೇ ಸರಿ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಗಟ್ಟಿ ಕೂರತ್ತಾ ಅಂತ ಅಂಗಡಿಯಲ್ಲೇ ಒತ್ತಿ ನೋಡಿ. ಸಾಮಾನ್ಯವಾಗಿ ನೀರು ಹೋಗೋದು ಅಲ್ಲಿಂದಲೇ.

ಮಲೆನಾಡಿಗೆ ಇನ್ನೊಂದು ವಿಷಯ ಇದೆ, ಇದನ್ನು ಆನ್‌ಲೈನ್ ವಿಮರ್ಶೆಗಳಲ್ಲಿ ಯಾರೂ ಹೇಳಲ್ಲ. ಗಾಳಿ ಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರಲ್ಲ. ಒಳಗೇ ಸೀಲ್ ಆದ ಬ್ಯಾಟರಿಯ ಲೈಟ್ ಆಗ ಬರೀ ತೂಕ. ಸೆಲ್ ತೆಗೆದು ಹಾಕುವಂಥದ್ದಾದರೆ ಒಂದು ಹೆಚ್ಚುವರಿ ಸೆಲ್ ಚಾರ್ಜ್ ಮಾಡಿಟ್ಟುಕೊಳ್ಳಬಹುದು.

ಲೈಟ್ ಜೊತೆ ಹಾರ್ನ್ ಸೇರಿಸಿ '120 ಡೆಸಿಬಲ್' ಅಂತ ಮಾರುವವೂ ಇವೆ. ಮಕ್ಕಳಿಗೆ ಖುಷಿ, ಊರಿಗೆ ತಲೆನೋವು, ಬ್ಯಾಟರಿಗೂ ಖರ್ಚು.

ಸಾವಿರ ರೂಪಾಯಿ ಇದ್ದರೆ

ಎಲ್ಲವನ್ನೂ ಮುಂದಿನ ಲೈಟಿಗೆ ಸುರಿಯಬೇಡಿ. ಮೊದಲು ಒಂದು ಕೆಂಪು ಹಿಂದಿನ ಲೈಟ್ ಬರಲಿ. ಎದುರಿನ ಗುಂಡಿಯಾದರೂ ನಿಮಗೆ ಕಾಣಬಹುದು, ತಿರುವಿನಲ್ಲಿ ಹಿಂದಿನಿಂದ ಬರುವ ಲಾರಿ ಕಾಣಲ್ಲ. ನೀವು ಅದರ ಡ್ರೈವರ್‌ಗೆ ಕಾಣಬೇಕು. ರಿಫ್ಲೆಕ್ಟರ್ ಇದೆಯಲ್ಲ ಅಂದ್ರೆ, ಅದು ವಾಹನದ ಬೆಳಕು ನೇರ ಬಿದ್ದಾಗ ಮಾತ್ರ ಹೊಳೆಯೋದು. ತಿರುವಿನಲ್ಲಿ ಆ ಬೆಳಕು ನಿಮ್ಮನ್ನು ತಲುಪೋದೇ ತಡ. ಕೆಸರು ಮೆತ್ತಿದರೆ ಅದೂ ಇಲ್ಲ.

ಮುಂದಿನ ಲೈಟ್ ತಂದ ಮೊದಲ ರಾತ್ರಿಯೇ ಫುಲ್ ಚಾರ್ಜ್ ಮಾಡಿ, ಫ್ಯಾನ್ ಎದುರು ಇಟ್ಟು, ಜೋರು ಮೋಡ್‌ನಲ್ಲಿ ಎಷ್ಟು ಹೊತ್ತು ಉರಿಯತ್ತೆ ಅಂತ ಗಡಿಯಾರ ನೋಡಿ. ಫ್ಯಾನ್ ಯಾಕೆ ಅಂದ್ರೆ ಸೈಕಲ್ ಓಡುವಾಗ ಸಿಗುವ ಗಾಳಿ ಮನೆಯೊಳಗೆ ಇರಲ್ಲ, ಲೈಟ್ ಬಿಸಿಯಾಗಿ ತಾನೇ ಮಂಕಾಗಬಹುದು. ಡಬ್ಬದಲ್ಲಿ ಹೇಳಿದ್ದರ ಅರ್ಧವೂ ಬರದಿದ್ದರೆ ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ ಕೊಡಿ.

ಆಲ್ದೂರು, ಕುಂದೂರು, ಊರುಬಗೆ ಕಡೆಯವರಿಗೆ ಒಂದು ಮಾತು: ಸೈಕಲ್ ಸದ್ದಿಲ್ಲದೆ ಹೋಗತ್ತೆ, ಆನೆಗೆ ನೀವು ಬಂದದ್ದೇ ಗೊತ್ತಾಗಲ್ಲ. ಲೈಟ್ ಆನೆಯನ್ನು ಓಡಿಸಲ್ಲ. ದೂರದಿಂದ ಕಂಡರೆ ನಿಂತು ಹಿಂದಕ್ಕೆ ಹೋಗಲು ಸಮಯ ಕೊಡತ್ತೆ, ಅಷ್ಟೆ. ಆನೆ ಓಡಾಡ್ತಿದೆ ಅಂತ ಅರಣ್ಯ ಇಲಾಖೆಯವರು ಹೇಳಿದ ದಿನ ಎಷ್ಟು ಲ್ಯುಮೆನ್ ಇದ್ದರೂ ಸೈಕಲ್ ಮನೆಯಲ್ಲೇ ಇರಲಿ.