ವಾಹನ ದುರಸ್ತಿ: ಅಧಿಕೃತ ಸೇವಾಕೇಂದ್ರವೋ, ಸ್ಥಳೀಯ ಗ್ಯಾರೇಜೋ?

ವರ್ಷಾಂತ್ಯದಲ್ಲಿ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ‘ವಾಹನ ದುರಸ್ತಿ ವೆಚ್ಚ’ದ ಖಾತೆಯಲ್ಲಿ ಎರಡು ಬಗೆಯ ಕಾಗದಗಳು ಸಿಗುತ್ತವೆ. ಒಂದು, ಅಧಿಕೃತ ಸೇವಾಕೇಂದ್ರದ ಎರಡು-ಮೂರು ಪುಟಗಳ ಬಿಲ್ಲು. ಇನ್ನೊಂದು, ಗ್ಯಾರೇಜಿನ ಮೇಸ್ತ್ರಿ ಬರೆದುಕೊಟ್ಟ ಚೀಟಿ. ಮೊದಲನೆಯದು ದುಬಾರಿ, ಎರಡನೆಯದು ಉಳಿತಾಯ ಎಂಬುದು ನಮ್ಮ ವರ್ತಕ ಬಾಂಧವರಲ್ಲಿ ಬೇರೂರಿದ ಭಾವನೆ. ಆದರೆ ಬಿಲ್ಲಿನ ಮೊತ್ತವೇ ನಿಜವಾದ ವೆಚ್ಚವಲ್ಲ. ತೆರಿಗೆ, ಪಾವತಿಯ ವಿಧಾನ ಹಾಗೂ ವಾಹನ ನಿಂತ ದಿನಗಳ ನಷ್ಟ, ಇವು ಮೂರನ್ನೂ ಕೂಡಿಸಿ ನೋಡಿದಾಗ ಮಾತ್ರ ಸರಿಯಾದ ಉತ್ತರ ದೊರೆಯುತ್ತದೆ.

ತೆರಿಗೆಯ ಲೆಕ್ಕ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದೇ ಕೆಲಸಕ್ಕೆ ಸೇವಾಕೇಂದ್ರವು ರೂ. 40,000 ಮತ್ತು ಶೇ. 18ರ ಜಿ.ಎಸ್.ಟಿ. ಸೇರಿಸಿ ರೂ. 47,200 ಕೇಳುತ್ತದೆ. ನೋಂದಣಿಯಿಲ್ಲದ ಗ್ಯಾರೇಜು ಒಟ್ಟು ರೂ. 42,000 ಕೇಳುತ್ತದೆ. ಯಾವುದು ಅಗ್ಗ?

ವಾಹನವು ಮಾಲೀಕರು ಓಡಾಡುವ ಕಾರಾಗಿದ್ದರೆ ಗ್ಯಾರೇಜೇ ಅಗ್ಗ. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳ ದುರಸ್ತಿಯ ಮೇಲಿನ ತೆರಿಗೆಗೆ, ಕೇಂದ್ರ ಜಿ.ಎಸ್.ಟಿ. ಕಾಯಿದೆಯ ಕಲಂ 17(5)ರಂತೆ, ಹೂಡುವಳಿ ತೆರಿಗೆ ಜಮೆ, ಅಂದರೆ ಇನ್‌ಪುಟ್ ಕ್ರೆಡಿಟ್ ದೊರೆಯುವುದಿಲ್ಲ. ಪ್ರಯಾಣಿಕ ಸಾಗಣೆ, ಚಾಲನಾ ತರಬೇತಿ ಮುಂತಾದ ಕೆಲವು ವ್ಯವಹಾರಗಳಿಗಷ್ಟೇ ವಿನಾಯಿತಿ ಉಂಟು. ಆದ್ದರಿಂದ ಪೂರ್ತಿ ರೂ. 47,200 ವೆಚ್ಚವೇ ಸರಿ.

ಆದರೆ ಅದೇ ದುರಸ್ತಿ ಸರಕು ಸಾಗಿಸುವ ಟೆಂಪೋವಿನದಾಗಿದ್ದರೆ ಉತ್ತರ ತಲೆಕೆಳಗಾಗುತ್ತದೆ. ಅಲ್ಲಿ ರೂ. 7,200 ಜಮೆಯಾಗಿ ಹಿಂದಿರುಗುವುದರಿಂದ ನಿವ್ವಳ ವೆಚ್ಚ ರೂ. 40,000. ಗ್ಯಾರೇಜಿನ ರೂ. 42,000 ಇದಕ್ಕಿಂತ ಹೆಚ್ಚು! ರಾಜಿ ತೆರಿಗೆ ಪದ್ಧತಿಯಲ್ಲಿರುವ ಗ್ಯಾರೇಜಿನ ಬಿಲ್ಲಿನಿಂದಲೂ ಜಮೆ ಸಿಗದು. ನೋಂದಾಯಿತ ಗ್ಯಾರೇಜಾದರೂ, ಅದರ ಬಿಲ್ಲು ನಮ್ಮ ಜಿ.ಎಸ್.ಟಿ.ಆರ್-2ಬಿ ಪಟ್ಟಿಯಲ್ಲಿ ಕಾಣಿಸಿಕೊಂಡಿದೆಯೇ ಎಂದು ನೋಡತಕ್ಕದ್ದು. ಕಾರು, ಟೆಂಪೋಗಳ ಬಿಡಿಭಾಗಗಳ ಮೇಲೆ ಬಹುಪಾಲು ಶೇ. 28ರಷ್ಟಿದ್ದ ದರ 22-9-2025ರಿಂದ ಶೇ. 18ಕ್ಕೆ ಇಳಿದಿರುವುದರಿಂದ ಹಳೆಯ ಅಂದಾಜುಗಳನ್ನು ಕೈಬಿಡುವುದು ಒಳಿತು.

ನಗದು ಪಾವತಿಯ ಅಪಾಯ

ಒಬ್ಬ ವ್ಯಕ್ತಿಗೆ ಒಂದೇ ದಿನದಲ್ಲಿ ರೂ. 10,000 ಮೀರಿ ನಗದು ನೀಡಿದರೆ ಆ ವೆಚ್ಚವನ್ನು ಆದಾಯ ತೆರಿಗೆಯಲ್ಲಿ ಮಾನ್ಯ ಮಾಡುವುದಿಲ್ಲ. 1961ರ ಕಾಯಿದೆಯ ಕಲಂ 40ಎ(3)ರಲ್ಲಿದ್ದ ಈ ನಿಯಮ 2025ರ ಹೊಸ ಕಾಯಿದೆಯಲ್ಲಿಯೂ ಉಳಿದಿದೆ. ಒಂದೇ ದಿನದ ಪಾವತಿಯನ್ನು ನಾಲ್ಕು ಚೀಟಿಗಳಾಗಿ ಒಡೆದರೂ ಒಟ್ಟು ಮೊತ್ತವನ್ನೇ ಪರಿಗಣಿಸಲಾಗುತ್ತದೆ.

ನನ್ನ ಕಕ್ಷಿದಾರರಾದ ಸಣ್ಣ ಉದ್ದಿಮೆದಾರರೊಬ್ಬರು ಎಂಜಿನ್ ಕೆಲಸಕ್ಕೆ ರೂ. 68,000 ನಗದನ್ನು ಒಂದೇ ಕಂತಿನಲ್ಲಿ ಕೊಟ್ಟಿದ್ದರು. ಲೆಕ್ಕಪರಿಶೋಧನಾ ವರದಿಯಲ್ಲಿ ಅದನ್ನು ನಾನೇ ನಮೂದಿಸಬೇಕಾಯಿತು. ಪಾಲುದಾರಿಕೆ ಸಂಸ್ಥೆಗೆ ಅನ್ವಯಿಸುವ ಶೇ. 30ರ ದರದಲ್ಲಿ, ಸೆಸ್ ಬಿಟ್ಟು, ರೂ. 20,400 ಹೆಚ್ಚುವರಿ ತೆರಿಗೆ ಬಿತ್ತು. ಮೇಸ್ತ್ರಿಯ ಕೆಲಸದಲ್ಲಿ ಎಳ್ಳಷ್ಟೂ ಲೋಪವಿರಲಿಲ್ಲ. ಲೋಪವಿದ್ದುದು ಹಣ ಕೊಟ್ಟ ಬಗೆಯಲ್ಲಿ. ಅವರು ಇಂದಿಗೂ ಅದೇ ಗ್ಯಾರೇಜಿಗೆ ಹೋಗುತ್ತಾರೆ, ಆದರೆ ಪಾವತಿ ಬ್ಯಾಂಕಿನ ಮೂಲಕ.

ಗ್ಯಾರೇಜು ಉದ್ಯಮ್ ನೋಂದಣಿ ಪಡೆದ ಕಿರು ಅಥವಾ ಸಣ್ಣ ಘಟಕವಾಗಿದ್ದರೆ ಉದ್ದರಿಗೂ ಮಿತಿಯುಂಟು. ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೆ ಗರಿಷ್ಠ 45 ದಿನಗಳೊಳಗೆ ಹಣ ಸಲ್ಲಿಸತಕ್ಕದ್ದು. ತಡವಾಗಿ ವರ್ಷಾಂತ್ಯದಲ್ಲಿ ಬಾಕಿ ಉಳಿದರೆ, ಆ ವೆಚ್ಚ ಪಾವತಿ ಮಾಡಿದ ವರ್ಷದಲ್ಲಷ್ಟೇ ಮಾನ್ಯವಾಗುತ್ತದೆ.

ವಾರಂಟಿ ಮತ್ತು ವಿಮೆ

ಹೊರಗಿನ ಮೇಸ್ತ್ರಿ ಮುಟ್ಟಿದೊಡನೆ ವಾರಂಟಿ ರದ್ದಾಗುತ್ತದೆ ಎಂಬ ಭಯ ಸಾಮಾನ್ಯ. ಭಾರತೀಯ ಸ್ಪರ್ಧಾ ಆಯೋಗವು 25-8-2014ರಂದು 14 ಕಾರು ತಯಾರಕರ ವಿರುದ್ಧ ನೀಡಿದ ಆದೇಶದಲ್ಲಿ, ಬಿಡಿಭಾಗ ಹಾಗೂ ತಪಾಸಣಾ ಉಪಕರಣಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಒದಗಿಸದೆ ಕಟ್ಟಿಹಾಕುವುದನ್ನು ಖಂಡಿಸಿ ಸುಮಾರು ರೂ. 2,545 ಕೋಟಿ ದಂಡ ವಿಧಿಸಿತು. ಆದರೆ ಆ ಆದೇಶ ನ್ಯಾಯಾಲಯಗಳ ಮೆಟ್ಟಿಲೇರಿದ್ದರಿಂದ ಅದನ್ನೇ ನೆಚ್ಚಿಕೊಳ್ಳದೆ, ವಾರಂಟಿ ಪುಸ್ತಿಕೆಯ ಷರತ್ತುಗಳನ್ನು ಓದಿ ನಡೆಯುವುದೇ ಜಾಣತನ.

ಅಪಘಾತದ ದುರಸ್ತಿಯಾದರೆ, ವಿಮಾ ಕಂಪನಿಗೆ ಮೊದಲು ತಿಳಿಸಿ, ಪರಿಶೀಲನೆಯಾಗುವ ಮುನ್ನ ವಾಹನವನ್ನು ಬಿಚ್ಚಿಸಬಾರದು. ಕಂಪನಿಯ ಪಟ್ಟಿಯಲ್ಲಿಲ್ಲದ ಗ್ಯಾರೇಜಿನಲ್ಲಿ ಹಣವನ್ನು ಮೊದಲು ನಾವೇ ಕೊಟ್ಟು ಅನಂತರ ಪಡೆಯಬೇಕಾಗುತ್ತದೆ.

ಯಾವ ಕೆಲಸ ಎಲ್ಲಿಗೆ?

1. ವಾರಂಟಿ ಅವಧಿಯ ನಿಗದಿತ ಸರ್ವೀಸ್‌ಗಳನ್ನು ಸೇವಾಕೇಂದ್ರದಲ್ಲಿಯೇ ಮಾಡಿಸಿ, ದಾಖಲೆಗಳನ್ನು ಕಾದಿರಿಸಿ.

2. 1-4-2020ರಿಂದ ಜಾರಿಗೆ ಬಂದ ಬಿ.ಎಸ್.-6 ಡೀಸೆಲ್ ವಾಹನಗಳ ಹೊಗೆ ಶೋಧಕ, ಸಂವೇದಕಗಳ ದೋಷಕ್ಕೆ ಸೂಕ್ತ ಸ್ಕ್ಯಾನರ್ ಇರುವಲ್ಲಿಗೇ ಹೋಗಿ.

3. ವಾರಂಟಿ ಮುಗಿದ ವಾಹನದ ಕ್ಲಚ್, ಬ್ರೇಕ್, ಪಾಟಾ ಮುಂತಾದ ಕೆಲಸಕ್ಕೆ ನಂಬಿಕಸ್ಥ, ನೋಂದಾಯಿತ ಗ್ಯಾರೇಜು ಸಾಕು. ಬದಲಾಯಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ.

4. ಟೆಂಪೋ ನಿಂತ ದಿನಗಳ ಬದಲಿ ಬಾಡಿಗೆಯನ್ನು ಎರಡೂ ಅಂದಾಜುಗಳಿಗೆ ಕೂಡಿಸಿ. ದಿನಕ್ಕೆ ರೂ. 2,500ರಂತೆ ನಾಲ್ಕು ದಿನ ಕಾದರೆ ರೂ. 10,000 ಆಯಿತು, ಮೇಲಿನ ಉದಾಹರಣೆಯ ರೂ. 2,000 ಲಾಭ ಅದರಲ್ಲಿ ಕೊಚ್ಚಿಹೋಗುತ್ತದೆ.

ಒಳ್ಳೆಯ ಮೇಸ್ತ್ರಿಯನ್ನು ಬಿಡಬೇಕೆಂಬುದು ಈ ಲೇಖನದ ಆಶಯವಲ್ಲ. ಅವರಿಂದ ಸರಿಯಾದ ಬಿಲ್ಲು ಪಡೆದು, ಸರಿಯಾದ ಮಾರ್ಗದಲ್ಲಿ ಹಣ ಕೊಟ್ಟರೆ ಉಳಿತಾಯವು ಚೀಟಿಯಲ್ಲಷ್ಟೇ ಅಲ್ಲ, ಲೆಕ್ಕಪುಸ್ತಕದಲ್ಲಿಯೂ ಉಳಿಯುತ್ತದೆ.