ಮಳೆಯ ಲೆಕ್ಕ, ಹಾನಿಯ ಲೆಕ್ಕ

ಕಲಘಟಗಿ ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ಸಾಗವಾನಿ ಕಟ್ಟಿಗೆಗೆ ಅರಗಿನ ಬಣ್ಣ ಹಚ್ಚಿ, ಚಿತ್ತಾರ ಬರೆದ ಈ ತೊಟ್ಟಿಲುಗಳು ತಲೆಮಾರುಗಟ್ಟಲೆ ಬಾಳುತ್ತವೆ. ಇಂದು ಅದರಲ್ಲಿ ಮಲಗಿದ ಕೂಸು 2050ರ ಹೊತ್ತಿಗೆ ಹೊಲಮನೆ ನೋಡಿಕೊಳ್ಳುವ ವಯಸ್ಸಿಗೆ ಬಂದಿರುತ್ತದೆ. ಆಗ ಮಳೆ ಹೇಗಿದ್ದೀತು? ಬರ ಎಷ್ಟು ಸಲ ಬಂದೀತು? ಈ ಪ್ರಶ್ನೆಗೆ ವಿಜ್ಞಾನ ಉತ್ತರ ಹೇಳುತ್ತದೆ. ಆದರೆ ಜೋತಿಷ್ಯದಂತೆ ತಿಥಿ ವಾರ ಹೇಳುವುದಿಲ್ಲ.

ಹಾಗೆ ನೋಡಿದರೆ ರೈತನಿಗೆ ಮುನ್ಸೂಚನೆ ಹೊಸದಲ್ಲ. ರೋಹಿಣಿ, ಮೃಗಶಿರ, ಆರಿದ್ರಾ ಎಂದು ನಕ್ಷತ್ರಗಳ ಹೆಸರಿನಲ್ಲಿ ಮಳೆಗಾಲವನ್ನು ಹದಿಮೂರು ಹದಿನಾಲ್ಕು ದಿನಗಳ ಪಾಲು ಮಾಡಿ, ಯಾವ ಮಳೆಗೆ ಯಾವ ಬಿತ್ತನೆ ಎಂದು ಹಿರಿಯರು ಗೊತ್ತುಮಾಡಿದ್ದರು. ಇಂದಿನ ಮಳೆ ಹವಾಮಾನ. ಬಹುಕಾಲದ ಮಳೆಯ ರೂಢಿ ವಾಯುಗುಣ. ನಕ್ಷತ್ರದ ಲೆಕ್ಕ ಈ ಎರಡನೆಯದಕ್ಕೆ ಸೇರಿದ್ದು. ಆ ರೂಢಿಯೇ ಬದಲಾಗತೊಡಗಿದಾಗ ಹಿರಿಯರ ಲೆಕ್ಕ ತಪ್ಪುವುದು ಸಹಜ.

ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಅದರ ಬೆನ್ನಲ್ಲೇ, 1876-78ರಲ್ಲಿ, ಧಾತು ಈಶ್ವರ ಸಂವತ್ಸರಗಳ ಘೋರ ಕ್ಷಾಮ ಬಂದು ಧಾರವಾಡ, ಕಲಾದಗಿ, ಬಳ್ಳಾರಿ ಸೀಮೆಗಳನ್ನು ನುಂಗಿತು. ಮಳೆಯನ್ನು ತಿಂಗಳುಗಳ ಮೊದಲೇ ಊಹಿಸಲಾದೀತೇ ಎಂಬ ಪ್ರಶ್ನೆಗೆ ತುರ್ತು ಬಂದದ್ದು ಆಗ. ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ನಂಟು ಹುಡುಕಿದ. 1904ರಿಂದ 1924ರವರೆಗೆ ಇಲಾಖೆ ನಡೆಸಿದ ಗಿಲ್ಬರ್ಟ್ ವಾಕರ್, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ಮೇಲಿನ ವಾಯುಭಾರ ತಕ್ಕಡಿಯಂತೆ ಏರಿಳಿಯುವುದನ್ನು ಗುರುತಿಸಿದ. ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೋ ಈ ತಕ್ಕಡಿಗೆ ಗಂಟುಬಿದ್ದ ವಿದ್ಯಮಾನವೆಂದು ಮುಂದೆ ತಿಳಿಯಿತು. 1877 ಎಲ್ ನಿನೋ ವರ್ಷ, 2023 ಕೂಡ. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು.

ದಿನದಿನದ ಮಳೆಯನ್ನು ಸುಮಾರು ಎರಡು ವಾರಗಳಾಚೆ ಖಚಿತವಾಗಿ ಹೇಳಲು ಬರುವುದಿಲ್ಲ. ಗಾಳಿಯ ಇಂದಿನ ಸಣ್ಣ ವ್ಯತ್ಯಾಸ ನಾಳೆ ದೊಡ್ಡದಾಗುತ್ತದೆ. ಹಾಗಿದ್ದರೆ ಮೂವತ್ತು ವರ್ಷದ ಮುಂದಿನ ಮಾತೇಕೆ? ದಾಳ ಎಸೆದರೆ ಮುಂದಿನ ಅಂಕಿ ಯಾವುದೆಂದು ಹೇಳಲಾಗದು. ಆದರೆ ದಾಳದ ಒಂದು ಮಗ್ಗುಲು ಭಾರವಾಗಿದ್ದರೆ ನೂರು ಎಸೆತಗಳಲ್ಲಿ ಯಾವ ಅಂಕಿ ಹೆಚ್ಚು ಬೀಳುತ್ತದೆಂದು ಹೇಳಬಹುದು. ಭೂಮಿ ಬಿಸಿಯೇರುತ್ತಿರುವುದು ಇಂಥ ಭಾರವೇ ಸರಿ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಆದ್ದರಿಂದ ಸುರಿದಾಗ ಜೋರಾಗಿ ಸುರಿಯುತ್ತದೆ. ಬಿಡುವು ಕೊಟ್ಟಾಗ ನೆಲ ಬೇಗ ಒಣಗುತ್ತದೆ. ವಿಶ್ವಸಂಸ್ಥೆಯ ವಾಯುಗುಣ ಸಮಿತಿ 2021ರಲ್ಲಿ ಜಗತ್ತಿನ ಭೂಭಾಗಗಳಿಗೆ ಕೊಟ್ಟ ಸರಾಸರಿ ಲೆಕ್ಕ ಹೀಗಿದೆ: ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದ ಜಡಿಮಳೆ, ಭೂಮಿಯ ತಾಪ 2 ಡಿಗ್ರಿ ಏರಿದರೆ ಅದೇ ಹತ್ತು ವರ್ಷದಲ್ಲಿ 1.7 ಬಾರಿ ಬರುತ್ತದೆ.

ಆದರೆ ಇದು ಮಳೆಯ ಲೆಕ್ಕ ಮಾತ್ರ, ಹಾನಿಯ ಲೆಕ್ಕವಲ್ಲ. ಹಾನಿಗೆ ಮೂರು ಕೂಡಬೇಕು: ಮಳೆ ಅಥವಾ ಬರವೆಂಬ ಆಪತ್ತು, ಅದರ ದಾರಿಯಲ್ಲಿರುವ ಜನ, ಬೆಳೆ, ಮನೆ, ಮತ್ತು ಅವುಗಳ ತಾಳಿಕೆ. ಕಲಘಟಗಿ ಮಲೆನಾಡಿನ ಸೆರಗು. ಒಂದು ಕಡೆ ಯಲ್ಲಾಪುರದ ಕಾಡು, ಇನ್ನೊಂದು ಕಡೆ ಹುಬ್ಬಳ್ಳಿಯ ಬಯಲು. ಕೂರಿಗೆಯಲ್ಲಿ ಬಿತ್ತುವ ಭತ್ತ ಇಲ್ಲಿನ ಹಳೆಯ ಬೆಳೆ; ಗೋವಿನಜೋಳ, ಸೋಯಾ ಆಮೇಲೆ ಬಂದವು. ಇಲ್ಲಿಂದ ಸುಮಾರು 60 ಕಿಲೋಮೀಟರು ದೂರದ ನವಲಗುಂದದಲ್ಲಿ ಮಳೆ ಕಡಿಮೆ, ನೆಲ ಎರೆ, ಬೆಳೆ ಹೆಸರು, ಹತ್ತಿ, ಕಡಲೆ. ಕಲಘಟಗಿಯ ಭತ್ತಕ್ಕೆ ಬೇಕಾದ ಮಳೆ ನವಲಗುಂದದಲ್ಲಿ ಬಿದ್ದರೆ ಕೊಯ್ಲಿಗೆ ಬಂದ ಹೆಸರು ಕೊಳೆಯುತ್ತದೆ, ಬೆಣ್ಣೆಹಳ್ಳ ಉಕ್ಕಿ ಹೊಲಕ್ಕೆ ನುಗ್ಗುತ್ತದೆ. ಜಗತ್ತಿನ ವಾಯುಗುಣವನ್ನು ಲೆಕ್ಕ ಹಾಕುವ ಗಣಕಯಂತ್ರಗಳು ಭೂಮಿಯನ್ನು ನೂರು ಕಿಲೋಮೀಟರಿನ ಚೌಕಗಳಾಗಿ ವಿಂಗಡಿಸುವುದು ಸಾಮಾನ್ಯ. ಅಂಥ ಒಂದೇ ಚೌಕದಲ್ಲಿ ಈ ಎರಡೂ ಊರು ಅಡಗಿಬಿಡಬಹುದು.

ಆಪತ್ತಿನ ಎರಡೂ ಮುಖಗಳನ್ನು ಒಂದೇ ಕಡೆ ಕಾಣಬೇಕಾದರೆ ಈ ತಾಲ್ಲೂಕಿನ ನೀರಸಾಗರ ಜಲಾಶಯವನ್ನು ನೋಡಬೇಕು. ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟ ಈ ಕೆರೆ ಸಾಲುಸಾಲು ಬರದ ವರ್ಷಗಳಲ್ಲಿ ಬತ್ತಿ ತಳ ಕಂಡಿತ್ತು. 2019ರ ಆಗಸ್ಟಿನ ಮಳೆಗೆ ತುಂಬಿ ಹರಿಯಿತು. ಅದೇ ಮಳೆಗೆ ಜಿಲ್ಲೆಯಲ್ಲಿ ಮಣ್ಣಿನ ಗೋಡೆಯ ಅನೇಕ ಮನೆಗಳು ಕುಸಿದವು. ಕೆರೆಗೆ ವರವಾದ ಮಳೆ ಹಸಿಗೋಡೆಗೆ ಶಾಪವಾಯಿತು. ವ್ಯತ್ಯಾಸವಿದ್ದದ್ದು ಮೋಡದಲ್ಲಲ್ಲ, ತಾಳಿಕೆಯಲ್ಲಿ.

ಆದಕಾರಣ ಮುಂದಿನ ಹಾನಿಯನ್ನು ಊಹಿಸಲು ಮೇಲಿನ ಉಪಗ್ರಹದಷ್ಟೇ ಕೆಳಗಿನ ಮಾಹಿತಿಯೂ ಮುಖ್ಯ. ಕರ್ನಾಟಕ 1988ರಲ್ಲೇ ಬರ ನಿರ್ವಹಣಾ ಘಟಕವನ್ನು ಆರಂಭಿಸಿತು. ಅದೇ ಬೆಳೆದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ನಿಲ್ಲಿಸಿತು. ಮಾಪಕದ ಮೇಲೆ ಗಿಡದ ಕೊಂಬೆ ಚಾಚಿದ್ದರೆ, ಯಂತ್ರ ಕೆಟ್ಟು ತಿಂಗಳಾದರೂ ದುರಸ್ತಿಯಾಗದಿದ್ದರೆ, ಆ ಊರಿನ ಮಳೆ ಲೆಕ್ಕಕ್ಕೇ ಬರುವುದಿಲ್ಲ. ಬರ ಘೋಷಣೆಯಿಂದ ಹಿಡಿದು ಮೂವತ್ತು ವರ್ಷದ ಮುಂದಿನ ಅಂದಾಜಿನವರೆಗೆ ಎಲ್ಲವೂ ಆ ಅಂಕಿಗಳನ್ನು ನಂಬಿವೆ. ಯಾವ ಹಳ್ಳ ಎಲ್ಲಿಯವರೆಗೆ ಉಕ್ಕಿತು, ಯಾವ ಓಣಿಯ ಮನೆ ಬಿದ್ದಿತು, ಯಾವ ಕೆರೆಯ ಹೂಳು ತೆಗೆದು ಎಷ್ಟು ವರ್ಷವಾಯಿತು ಎಂಬ ದಾಖಲೆಯೂ ಅಷ್ಟೇ ಬೆಲೆಯುಳ್ಳದ್ದು.

2050ರ ಮಳೆಯನ್ನು ಕಲಘಟಗಿಯವರೊಬ್ಬರೇ ತಡೆಯಲಾರರು, ತರಿಸಲಾರರು. ಅದು ಇಡೀ ಜಗತ್ತು ಉಗುಳುವ ಹೊಗೆಯ ಪ್ರಮಾಣಕ್ಕೆ ಬಿಟ್ಟದ್ದು. ಆದರೆ ಕೆರೆಯ ಏರಿ, ಹೊಲದ ಬದು, ಮನೆಯ ಗೋಡೆ, ಊರಿನ ಮಳೆಮಾಪಕ ಊರವರ ಕೈಯಳತೆಯಲ್ಲೇ ಇವೆ. ತೊಟ್ಟಿಲ ಕೂಸು ದೊಡ್ಡದಾದಾಗ ಆ ಮಳೆ ಕೆರೆಗೆ ಸೇರೀತೋ ಗೋಡೆಗೆ ಇಳಿದೀತೋ ಎಂಬುದರಲ್ಲಿ ಅರ್ಧ ಪಾಲು ಇಲ್ಲಿಯೇ ತೀರ್ಮಾನವಾಗುತ್ತದೆ.